ಬೀದಿಯೇ ಹೊತ್ತಿದ್ದ ಸಾಮಾನು

ಭಾನುವಾರ ಬೆಳಗಿನ ಜಾವ ಮುಂಬಯಿಯ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಬದಿಯಲ್ಲಿ ನಿಂತರೆ ಮುಲುಂಡ್, ಘಾಟ್ಕೋಪರ್ ಕಡೆಯಿಂದ ದಕ್ಷಿಣಕ್ಕೆ ಹೊರಟ ಸೈಕಲ್ ಸವಾರರು ಸಾಲುಸಾಲಾಗಿ ಹೋಗುವುದು ಕಾಣುತ್ತದೆ. ತಲೆಗೆ ಹೆಲ್ಮೆಟ್ಟು, ಹಿಂದೆ ಮಿನುಗುವ ಕೆಂಪು ದೀಪ, ಸೀಟಿನ ಕೆಳಗೆ ಅಂಗೈಯಗಲದ ಒಂದು ಚೀಲ. ಆ ಚೀಲದಲ್ಲಿ ಏನಿರುತ್ತದೆಂದು ತೆರೆದು ನೋಡದೆಯೂ ಹೇಳಬಲ್ಲೆ. ಮಡಚಿಟ್ಟ ಹೊಸ ಟ್ಯೂಬು, ಟೈರು ಎಬ್ಬಿಸುವ ಎರಡು ಪ್ಲಾಸ್ಟಿಕ್ ಪಟ್ಟಿ, ನಾಲ್ಕಾರು ಪ್ಯಾಚು, ಸೊಲೂಷನ್ನಿನ ಸಣ್ಣ ಟ್ಯೂಬು, ಉಪ್ಪುಕಾಗದದ ತುಂಡು, ಅಲನ್ ಕೀಗಳ ಗೊಂಚಲು. ಚೌಕಟ್ಟಿಗೆ ಬಿಗಿದ ಗೇಣುದ್ದದ ಪಂಪು, ನೀರಿನ ಬಾಟಲಿ. ಜೇಬಿನಲ್ಲಿ ಫೋನು, ಸ್ವಲ್ಪ ದುಡ್ಡು, ಮನೆಯವರ ನಂಬರು ಬರೆದ ಚೀಟಿ. ಹೊಸದಾಗಿ ಸೈಕಲ್ ಕೊಂಡವರು ಕೇಳಿದರೆ ನಾನೂ ಇದನ್ನೇ ಹೇಳುತ್ತೇನೆ, ಒಂದನ್ನೂ ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಹೇಳುವಾಗೆಲ್ಲ ನನ್ನ ಸೋದರಮಾವ ನೆನಪಾಗುತ್ತಾರೆ. ಹದಿಹರೆಯದಿಂದ ನಿವೃತ್ತಿಯವರೆಗೆ ಇದೇ ಊರಿನಲ್ಲಿ ಸೈಕಲ್ ತುಳಿದ ಅವರ ಬಳಿ ಇವುಗಳಲ್ಲಿ ಹೆಚ್ಚಿನವು ಇರಲೇ ಇಲ್ಲ.

ಅವರಲ್ಲಿದ್ದದ್ದು ಪ್ಯಾಂಟಿನ ಕಾಲು ಚೈನಿಗೆ ಸಿಗದಂತೆ ಹಿಡಿಯುವ ಎರಡು ಉಕ್ಕಿನ ಕ್ಲಿಪ್ಪು, ಸೀಟಿನಡಿಯ ಸ್ಪ್ರಿಂಗಿಗೆ ಸಿಕ್ಕಿಸಿದ ಒಂದು ಅರಿವೆ, ಬೆಂಕಿಪೊಟ್ಟಣದಲ್ಲಿ ಹಾಕಿಟ್ಟ ವಾಲ್‌ಟ್ಯೂಬಿನ ತುಂಡು. ಮಳೆಗಾಲ ಬಂದರೆ ಸೀಟಿಗೆ ಹೊದಿಸಲು ಒಂದು ಪ್ಲಾಸ್ಟಿಕ್ ಚೀಲ. ಅಷ್ಟೆ. ಮಿಕ್ಕದ್ದನ್ನೆಲ್ಲ ಬೀದಿ ಹೊತ್ತುಕೊಂಡಿತ್ತು. ಪಂಪು ಸೈಕಲ್ ಅಂಗಡಿಯ ಬಾಗಿಲಲ್ಲಿ ಒರಗಿರುತ್ತಿತ್ತು, ಯಾರು ಬೇಕಾದರೂ ತೆಗೆದುಕೊಂಡು ಗಾಳಿ ಹಾಕಿ ಐದು ಪೈಸೆ ಇಟ್ಟು ಹೋಗಬಹುದಿತ್ತು. ನೀರು ಪ್ಯಾವು ಎಂಬ ಕಲ್ಲಿನ ಅರವಟ್ಟಿಗೆಗಳಲ್ಲಿತ್ತು. ಬೀಗದ ಕೆಲಸವನ್ನು ಆಫೀಸಿನ ಕೆಳಗಿನ ಪಾನ್‌ವಾಲಾ ಮಾಡುತ್ತಿದ್ದ. ಟೈರು ಎಬ್ಬಿಸುವ ಕಬ್ಬಿಣ, ರಬ್ಬರು ಉಜ್ಜುವ ಸಾಮಾನು, ಸೊಲೂಷನ್, ಪ್ಯಾಚು ಇವೆಲ್ಲ ಪ್ರತಿ ನಾಕಾದ ಮರದ ಬುಡದಲ್ಲೂ ಇದ್ದವು, ಜೊತೆಗೆ ಅವನ್ನು ಬಳಸಬಲ್ಲ ಎರಡು ಕೈಗಳೂ ಇದ್ದವು.

ಮಾವ ಕಾರ್ಕಳದ ಕಡೆಯವರು. 1950ರ ದಶಕದಲ್ಲಿ ಕರಾವಳಿಯ ಎಷ್ಟೋ ಹುಡುಗರು ಬಂದಂತೆ ಅವರೂ ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು ಮಾಟುಂಗಾದ ಒಂದು ಉಡುಪಿ ಹೋಟೆಲಿಗೆ ಸೇರಿದರು. ಆಗಲೇ ಮಾಟುಂಗಾ ನಮ್ಮವರ ಊರಾಗಿತ್ತು. ಮೈಸೂರು ಅಸೋಸಿಯೇಷನ್ 1926ರಿಂದ ಇತ್ತು, ರಾಮನಾಯಕರ ಶ್ರೀಕೃಷ್ಣ ಬೋರ್ಡಿಂಗು 1942ರಿಂದ ಎಲೆ ಹಾಕುತ್ತಿತ್ತು. ಹಗಲಿಡೀ ಲೋಟ ತೊಳೆದ ಹುಡುಗರು ಸಂಜೆ ಕೈ ಒರೆಸಿಕೊಂಡು ರಾತ್ರಿ ಶಾಲೆಗೆ ಓಡುತ್ತಿದ್ದರು. ಮಾವ ಹೋಗುತ್ತಿದ್ದದ್ದು ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಗೆ. ರೈಲಿನ ಪಾಸಿಗೆ ಕೊಡುವ ದುಡ್ಡು ಉಳಿದರೆ ಊರಿಗೆ ಕಳಿಸುವ ಮನಿಯಾರ್ಡರಿಗೆ ಸೇರುತ್ತದೆ ಎಂಬ ಲೆಕ್ಕದಲ್ಲಿ ಚೋರ್ ಬಜಾರಿನಿಂದ ಒಂದು ಹಳೆಯ ಸೈಕಲ್ ತಂದರು. 24 ಇಂಚಿನ ಎತ್ತರದ ಕರಿ ಸೈಕಲ್ಲು. ಹಿಂದ್ ಕಂಪನಿಯದು.

ಆ ಹೆಸರನ್ನು ಅವರು ಅಭಿಮಾನದಿಂದ ಹೇಳುತ್ತಿದ್ದರು. ಹರ್ಕ್ಯುಲಿಸ್, ಫಿಲಿಪ್ಸ್ ಬೇರೆ ಊರಿನವು, ಇದು ನಮ್ಮ ವರ್ಲಿಯಲ್ಲೇ ಹುಟ್ಟಿದ್ದು ಎನ್ನುತ್ತಿದ್ದರು. ನಿಜವೇ. ಹಿಂದ್ ಸೈಕಲ್ಸಿನ ಕಾರ್ಖಾನೆ ವರ್ಲಿಯಲ್ಲಿತ್ತು. ಬಟ್ಟೆ ನೇಯುತ್ತಿದ್ದ ಮುಂಬಯಿ ಸೈಕಲ್ಲನ್ನೂ ಮಾಡುತ್ತಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಕಂಪನಿ ಸೋತು, 1980ರಲ್ಲಿ ಕೇಂದ್ರ ಸರಕಾರ ಸಂಸತ್ತಿನಲ್ಲಿ ಕಾಯಿದೆ ತಂದು ಇದನ್ನೂ ಅಸನ್ಸೋಲಿನ ಸೆನ್-ರಾಲೆಯನ್ನೂ ರಾಷ್ಟ್ರೀಕರಣ ಮಾಡಿತು. ಆಮೇಲೂ ಅದು ಚೇತರಿಸಿಕೊಳ್ಳಲಿಲ್ಲ. ಮಾವನ ಸೈಕಲ್ಲು ಮಾತ್ರ ತನ್ನನ್ನು ಹೆತ್ತ ಕಾರ್ಖಾನೆಗಿಂತ ಹೆಚ್ಚು ಕಾಲ ಬಾಳಿತು.

ಅವರ ದಾರಿ ನನಗೆ ಬಾಯಿಪಾಠ. ಕಿಂಗ್ಸ್ ಸರ್ಕಲ್, ದಾದರ್ ಟಿಟಿ, ಪರೇಲ್, ಲಾಲ್‌ಬಾಗ್, ಬೈಕುಲಾ, ಜೆ.ಜೆ. ಆಸ್ಪತ್ರೆ, ಮಹಮದಲಿ ರೋಡು, ಕ್ರಾಫರ್ಡ್ ಮಾರ್ಕೆಟ್ಟು, ಆಮೇಲೆ ಫೋರ್ಟು. ದಾದರಿನಿಂದ ಮುಂದೆ ಅರ್ಧ ದಾರಿ ಟ್ರಾಮಿನ ಹಳಿಗಳ ಜೊತೆಜೊತೆಗೆ. ಹಳಿಯ ಸಂದಿಗೆ ಚಕ್ರ ಇಳಿದರೆ ಸವಾರ ನೆಲಕ್ಕೆ ಬಿದ್ದ ಎಂದೇ ಲೆಕ್ಕ. ಅದಕ್ಕೆ ಹಳಿ ದಾಟುವಾಗ ಹ್ಯಾಂಡಲ್ ಓರೆ ಮಾಡಿ ಅಡ್ಡಕ್ಕೆ ದಾಟಬೇಕು, ಹಳಿಯ ಗುಂಟ ಎಂದೂ ಹೋಗಬಾರದು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮು ಹೋಯಿತು. ಹಳಿಗಳಲ್ಲಿ ಕೆಲವನ್ನು ಕಿತ್ತರು, ಕೆಲವು ಡಾಂಬರಿನ ಅಡಿಯಲ್ಲೇ ಉಳಿದವು. ಎಷ್ಟೋ ವರ್ಷಗಳ ಮೇಲೆ ಮಾವ ಆಫೀಸಿನ ಗುಮಾಸ್ತರಾಗಿ ಅದೇ ದಾರಿಯಲ್ಲಿ ಹೋಗುವಾಗಲೂ ಕೆಲವು ಕಡೆ ಹ್ಯಾಂಡಲ್ ತಂತಾನೇ ಓರೆಯಾಗುತ್ತಿತ್ತಂತೆ.

ಹಳಿ ಸವಾರನನ್ನು ಬೀಳಿಸುತ್ತಿತ್ತು, ಹಾಗಾದರೆ ಪಂಚರ್ ಆಗುತ್ತಿದ್ದದ್ದು ಯಾವುದರಿಂದ? ಒಂದೊಂದು ಪೇಟೆಯದು ಒಂದೊಂದು ಬಗೆ. ಮಹಮದಲಿ ರೋಡಿನಲ್ಲಿ ವಿಕ್ಟೋರಿಯಾ ಗಾಡಿಯ ಕುದುರೆಗಳ ಲಾಳದ ಮೊಳೆ. ಪರೇಲ್, ಲಾಲ್‌ಬಾಗಿನ ಗಿರಣಿಗಳ ಗೇಟಿನೆದುರು ತಗಡು, ತಂತಿಯ ಚೂರು. ಸಿನಿಮಾ ಟಾಕೀಸಿನ ಎದುರು ಸೋಡಾ ಬಾಟಲಿಯ ಗಾಜು. ಗಣಪತಿ ಮಂಟಪ ಬಿಚ್ಚಿದ ಮರುದಿನ ಬೀದಿಯುದ್ದಕ್ಕೂ ಸಣ್ಣ ಚಪ್ಪಟೆ ಮೊಳೆ. ಟೈರಿನಿಂದ ತೆಗೆದ ವಸ್ತುವನ್ನು ನೋಡಿ ಪಂಚರಿನವನು ಸೈಕಲ್ಲು ಎಲ್ಲಿ ಹೋಗಿ ಬಂತೆಂದು ಹೇಳುತ್ತಿದ್ದ.

ಮಳೆಗಾಲದಲ್ಲಿ ಪಂಚರ್ ಹೆಚ್ಚು. ಒದ್ದೆ ರಬ್ಬರಿನೊಳಗೆ ಗಾಜು ಸುಲಭವಾಗಿ ಇಳಿಯುತ್ತದೆ, ನೀರೇ ಅದಕ್ಕೆ ಎಣ್ಣೆ. ಅಂಟಿಕೊಂಡ ಚೂರು ಪ್ರತಿ ಸುತ್ತಿಗೂ ಇಷ್ಟಿಷ್ಟೇ ಒಳಗೆ ಹೋಗುತ್ತದೆ. ಇನ್ನು ಗುಂಡಿಗಳು. ಗಾಳಿ ಕಡಿಮೆಯಿರುವ ಚಕ್ರ ಗುಂಡಿಯ ಅಂಚಿಗೆ ಬಡಿದರೆ ಗುಂಡಿಯ ಅಂಚಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಟ್ಯೂಬು ಸಿಕ್ಕಿ ಪಕ್ಕಪಕ್ಕ ಎರಡು ತೂತು ಬೀಳುತ್ತವೆ. ಇಂದಿನ ಸವಾರರು ಇದನ್ನು ಹಾವಿನ ಕಡಿತ ಎನ್ನುತ್ತಾರೆ. ಒಂದೇ ತೂತು ಎಂದುಕೊಂಡು ಒಂದಕ್ಕೇ ಪ್ಯಾಚು ಹಚ್ಚಿದರೆ ಅರ್ಧ ಮೈಲಿಗೆ ಮತ್ತೆ ಇಳಿಯಬೇಕು. ಸರಳಿನ ಬ್ರೇಕಂತೂ ಮಳೆಯಲ್ಲಿ ಹಿಡಿಯುವುದೇ ಇಲ್ಲ, ಉಕ್ಕಿನ ರಿಮ್ಮಿನ ಮೇಲೆ ರಬ್ಬರು ಜಾರುತ್ತದೆ. ಮಾವ ಸಿಗ್ನಲ್ಲು ಬರುವುದಕ್ಕೆ ತುಸು ಮೊದಲೇ ಬ್ರೇಕನ್ನು ಹಗುರವಾಗಿ ಹಿಡಿದು ರಿಮ್ಮಿನ ನೀರು ಒರೆಸಿಕೊಂಡು, ಆಮೇಲೆ ಗಟ್ಟಿ ಒತ್ತುತ್ತಿದ್ದರು. ಇದನ್ನು ನನಗೆ ಹೇಳಿಕೊಟ್ಟದ್ದೂ ಮಳೆಯಲ್ಲೇ, ನನ್ನನ್ನು ಮುಂದಿನ ಅಡ್ಡಪಟ್ಟಿಯ ಮೇಲೆ ಕೂರಿಸಿಕೊಂಡು.

ಆಗ ನಾವಿದ್ದದ್ದು ಚೂನಾಭಟ್ಟಿಯ ಒಂದು ಚಾಳಿನಲ್ಲಿ. ಹತ್ತಿರದಲ್ಲೇ ಸ್ವದೇಶಿ ಮಿಲ್ಲು. ಪಾಳಿ ಬಿಡುವ ಹೊತ್ತಿಗೆ ರಸ್ತೆ ತುಂಬ ಸೈಕಲ್ಲು, ಬೆಲ್ಲಿನ ಸದ್ದಿಗೆ ಮನೆಯೊಳಗಿನ ರೇಡಿಯೋ ಕೇಳುತ್ತಿರಲಿಲ್ಲ. ಸಯನ್ ಕಡೆಗೆ ತಿರುಗುವಲ್ಲಿ ಒಂದು ಅರಳಿ ಮರ, ಅದರ ಬುಡದಲ್ಲಿ ಚಾಚಾ. ಅವರು ಜೌನಪುರದವರು. ಹಿರಿಯರು, ಕಿರಿಯರು, ಮರಾಠಿಗಳು, ತಮಿಳರು, ನಾವು ಎಲ್ಲರೂ ಚಾಚಾ ಎಂದೇ ಕರೆಯುತ್ತಿದ್ದೆವು. ಒಂದು ಮರದ ಪೆಟ್ಟಿಗೆ, ಘಮೇಲಾ ಎಂಬ ಅಗಲ ಬೋಗುಣಿಯಲ್ಲಿ ನೀರು, ಕಾಲಿನಡಿ ತುಳಿದು ಹಿಡಿಯುವ ಉದ್ದನೆಯ ಪಂಪು, ಕೊಂಬೆಗೆ ನೇತುಹಾಕಿದ ಹಳೆಯ ಟೈರು. ಆ ಟೈರೇ ಬೋರ್ಡು.

ಚಾಚಾ ಕೆಲಸ ಮಾಡುವುದನ್ನು ನೋಡಲು ನಾನು ಶಾಲೆಯಿಂದ ಬರುವಾಗ ನಿಲ್ಲುತ್ತಿದ್ದೆ. ಹಿಂದಿನ ಚಕ್ರದ ಪಂಚರಾದರೂ ಅವರು ಚಕ್ರ ಬಿಚ್ಚುತ್ತಿರಲಿಲ್ಲ. ಚೈನ್‌ಕವರು, ಸ್ಟ್ಯಾಂಡು, ಕ್ಯಾರಿಯರ್ ಎಲ್ಲ ಬಿಚ್ಚಿ ಮತ್ತೆ ಕೂರಿಸುವುದರಲ್ಲಿ ಮಿಲ್ಲಿನವನ ಪಾಳಿ ತಪ್ಪಿಹೋಗುತ್ತದೆ. ಸೈಕಲ್ಲನ್ನು ಮಗ್ಗುಲಿಗೆ ಮಲಗಿಸಿ, ವಾಲಿನ ನಟ್ಟು ಕಳಚಿ, ಟೈರಿನ ಒಂದು ಅಂಚನ್ನು ಮಾತ್ರ ರಿಮ್ಮಿನಿಂದ ಎಬ್ಬಿಸಿ ಟ್ಯೂಬನ್ನು ಹೊರಗೆಳೆಯುತ್ತಿದ್ದರು. ವಾಲು ಮತ್ತೆ ಕೂರಿಸಿ ಗಾಳಿ ತುಂಬಿ, ಟ್ಯೂಬನ್ನು ಒಂದೊಂದು ಗೇಣಿನಂತೆ ಘಮೇಲಾದ ನೀರಿನಲ್ಲಿ ಮುಳುಗಿಸಿ ತೆಗೆಯುವುದು. ಗುಳ್ಳೆ ಎದ್ದಲ್ಲಿ ಬೆಂಕಿಕಡ್ಡಿಯ ತುದಿ ಒತ್ತಿ ಗುರುತು. ಒಂದು ಗುಳ್ಳೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸುತ್ತಿರಲಿಲ್ಲ, ಇಡೀ ಸುತ್ತು ಮುಳುಗಿಸಿ ನೋಡಿಯೇ ನಿಲ್ಲಿಸುವುದು.

ಆಮೇಲೆ ಒರೆಸಿ, ಉಜ್ಜುವ ಕೆಲಸ. ಚಾಚಾನ ಬಳಿ ಅಂಗಡಿಯ ಉಪ್ಪುಕಾಗದ ಇರುತ್ತಿರಲಿಲ್ಲ. ಡಾಲ್ಡಾ ಡಬ್ಬಿಯ ತಗಡಿಗೆ ಮೊಳೆಯಿಂದ ಸಾಲುಸಾಲು ತೂತು ಹೊಡೆದು ತಿರುವಿ ಹಾಕಿದ ಒಂದು ತುರಿಮಣೆ, ಅದರಲ್ಲೇ ಉಜ್ಜುವುದು. ಹೊಳಪು ಹೋಗಿ ರಬ್ಬರು ಬೂದಿ ಬಣ್ಣಕ್ಕೆ ತಿರುಗಬೇಕು. ಪ್ಯಾಚು ಎಂದರೆ ಹಳೆಯ ಟ್ಯೂಬಿನದೇ ತುಂಡು. ಅದನ್ನು ಕತ್ತರಿಸುವಾಗ ಮೂಲೆ ಉಳಿಯಬಾರದು, ಮೂಲೆಯಿದ್ದರೆ ಅಲ್ಲಿಂದಲೇ ಏಳುತ್ತದೆ. ಟ್ಯೂಬಿಗೂ ಪ್ಯಾಚಿಗೂ ಸೊಲೂಷನ್ ತೆಳ್ಳಗೆ ಹಚ್ಚಿ, ಇಲ್ಲಿ ಕಾಯಬೇಕು. ಎಷ್ಟು ಅವಸರದವನಿದ್ದರೂ ಚಾಚಾ ಈ ಹಂತದಲ್ಲಿ ಬೀಡಿ ಹಚ್ಚುತ್ತಿದ್ದರು. ಹಸಿ ಸೊಲೂಷನ್ ಅಂಟುವುದಿಲ್ಲ, ಅದರ ದ್ರಾವಕ ಆರಿ ಮೇಲ್ಮೈ ಮಂಕಾಗಿ ಬೆರಳಿಗೆ ಅಂಟಂಟಾದಾಗಲೇ ರಬ್ಬರು ರಬ್ಬರನ್ನು ಹಿಡಿಯುತ್ತದೆ. ಬೀಡಿ ಅರ್ಧಕ್ಕೆ ಬಂದಿತೆಂದರೆ ಹೊತ್ತಾಯಿತು. ಪ್ಯಾಚು ಇಟ್ಟು, ಕಬ್ಬಿಣದ ಮುದ್ದೆಯ ಮೇಲಿರಿಸಿ ಸುತ್ತಿಗೆಯಿಂದ ನಾಲ್ಕು ಏಟು. ಅದು ಕೇಳಿದರೆ ಚಾಳಿನ ಒಳಗಿದ್ದವರಿಗೂ ಕೆಲಸ ಮುಗಿಯಿತೆಂದು ಗೊತ್ತಾಗುತ್ತಿತ್ತು.

ಮುಗಿದಿರುತ್ತಿರಲಿಲ್ಲ. ಟ್ಯೂಬು ಒಳಗೆ ಹೋಗುವ ಮುಂಚೆ ಚಾಚಾ ಟೈರಿನೊಳಗೆ ಬೆರಳು ಹಾಕಿ ಸುತ್ತಲೂ ಸವರುತ್ತಿದ್ದರು. ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವ ಅಮ್ಮನ ಬೆರಳಿನಷ್ಟೇ ಹಗುರ. ಒತ್ತಿ ಸವರಿದರೆ ಗಾಜು ಬೆರಳನ್ನೇ ಸೀಳುತ್ತದೆ. ನನಗೆ ಈ ಕೆಲಸ ಕಲಿಸಿದ್ದು ಅವರೇ. ಹೆಣ್ಣುಹುಡುಗಿ ಮಸಿ ಹಚ್ಚಿಕೊಂಡು ಬೀದಿಯಲ್ಲಿ ಕೂತಿದ್ದಾಳೆ ಎಂದು ಚಾಳಿನವರು ಅಮ್ಮನಿಗೆ ಹೇಳಿದಾಗ ಮಾವ ನನ್ನ ಪರ ನಿಂತರು. ಸೈಕಲ್ ಕಲಿತವಳು ಪಂಚರ್ ಹಾಕುವುದನ್ನೂ ಕಲಿಯಲಿ ಎಂದರು. “ಮೊಳೆ ಸಿಗದೆ ಟ್ಯೂಬು ಒಳಗೆ ಹಾಕಬೇಡ, ಬೇಟಿ. ಹಾಕಿದರೆ ನಾಳೆ ಮತ್ತೆ ನನ್ನ ಹತ್ತಿರವೇ ಬರುತ್ತೀ,” ಎಂದು ಚಾಚಾ ಹೇಳುತ್ತಿದ್ದರು. ಮತ್ತೆ ಬಂದರೆ ಅವರಿಗೆ ಇನ್ನೂ ನಾಲ್ಕಾಣೆ ಸಿಗುತ್ತಿತ್ತು. ಆದರೂ ಮೊಳೆ ಹುಡುಕದೆ ಬಿಡುತ್ತಿರಲಿಲ್ಲ.

ಮಾವ ಬೆಂಕಿಪೊಟ್ಟಣದಲ್ಲಿಡುತ್ತಿದ್ದ ಆ ವಾಲ್‌ಟ್ಯೂಬಿನ ಬಗ್ಗೆ ಎರಡು ಮಾತು ಹೇಳಬೇಕು, ಗೇರಿನ ಸೈಕಲ್ಲಿನ ಈಗಿನ ಸವಾರರಲ್ಲಿ ಹೆಚ್ಚಿನವರು ಅದನ್ನು ನೋಡಿಯೇ ಇಲ್ಲ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕುತ್ತಿದ್ದದ್ದನ್ನು ನೋಡಲಾರದೆ ಮಾಡಿದ್ದು. ಅದಕ್ಕೂ ನಾಲ್ಕು ದಶಕ ಮೊದಲೇ ರಾಬರ್ಟ್ ಥಾಮ್ಸನ್ ಎಂಬವನು ಅದೇ ವಿಚಾರಕ್ಕೆ ಪೇಟೆಂಟ್ ತೆಗೆದಿದ್ದನೆಂದು ಆಮೇಲೆ ತಿಳಿಯಿತು, ಆದರೆ ಹೆಸರು ಉಳಿದದ್ದು ಡನ್‌ಲಪ್ಪನದೇ. ನಮ್ಮ ಕರಿ ಸೈಕಲ್ಲುಗಳ ವಾಲಿಗೂ ಅದೇ ಹೆಸರು. ಅದರ ಒಳಗಿನ ಹಿತ್ತಾಳೆಯ ಕಡ್ಡಿಗೆ ಪಕ್ಕದಲ್ಲೊಂದು ತೂತು, ತೂತಿನ ಮೇಲೆ ಬಿಗಿಯಾಗಿ ಹಾಕಿದ ಸಣ್ಣ ರಬ್ಬರ್ ನಳಿಕೆ. ಪಂಪಿನ ಗಾಳಿ ರಬ್ಬರನ್ನು ಉಬ್ಬಿಸಿ ಒಳಗೆ ಹೋಗುತ್ತದೆ, ಒಳಗಿನ ಗಾಳಿ ಅದೇ ರಬ್ಬರನ್ನು ಒತ್ತಿ ದಾರಿ ಮುಚ್ಚುತ್ತದೆ. ನಳಿಕೆ ಹಳತಾಗಿ ಬಿರಿದರೆ ಟ್ಯೂಬಿನಲ್ಲಿ ಎಲ್ಲೂ ತೂತಿಲ್ಲದೆಯೂ ಚಕ್ರ ಇಳಿಯುತ್ತದೆ. ಪಂಚರ್ ಎಂದು ಬಂದವನ ವಾಲಿನ ಮೇಲೆ ಚಾಚಾ ಮೊದಲು ಉಗುಳು ಹಚ್ಚಿ ನೋಡುತ್ತಿದ್ದರು. ಗುಳ್ಳೆ ಅಲ್ಲೇ ಎದ್ದರೆ ಅರ್ಧ ಬೆರಳಿನಷ್ಟು ವಾಲ್‌ಟ್ಯೂಬು ಕತ್ತರಿಸಿ ಹಾಕಿ, ಗಾಳಿ ಹೊಡೆದು ಕಳಿಸುತ್ತಿದ್ದರು. ಅದಕ್ಕೆ ದುಡ್ಡು ಕೇಳಿದ್ದನ್ನು ನಾನು ನೋಡಿಲ್ಲ.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಕರೆಗೆ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಸುಮಾರು ಎರಡೂವರೆ ಲಕ್ಷ ಮಂದಿ. ಆ ವರ್ಷ ಚಾಚಾನ ಮರದ ಕೆಳಗೆ ಜನ ಕೂತಿರುತ್ತಿದ್ದರು, ಸೈಕಲ್ಲುಗಳು ಇರುತ್ತಿರಲಿಲ್ಲ. ಕೆಲವರು ಸೈಕಲ್ಲನ್ನೇ ಮಾರಿ ರತ್ನಾಗಿರಿ, ಸಾತಾರಾದ ಊರುಗಳಿಗೆ ಹೋದರು. ಹೋದವರಲ್ಲಿ ಬಹಳ ಮಂದಿ ತಿರುಗಿ ಬರಲಿಲ್ಲ. ಮುಂಬಯಿಯ ಸೈಕಲ್ಲುಗಳು ಕಡಿಮೆಯಾದದ್ದಕ್ಕೆ ಸ್ಕೂಟರು, ಕಾರು ಬಂದದ್ದು ಕಾರಣ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಬಹುದಾದ ದೂರದಲ್ಲಿ ಕೆಲಸವೇ ಇಲ್ಲದಂತಾದದ್ದು ಮೊದಲು. ಗಿರಣಿ ಬಿಟ್ಟವರು ವಿರಾರ್, ಡೊಂಬಿವಿಲಿಗೆ ಹೋದರು, ಅಲ್ಲಿಂದ ಸೈಕಲ್ಲಿನಲ್ಲಿ ಬರುವುದು ಸಾಧ್ಯವೇ? ಸ್ವದೇಶಿ ಮಿಲ್ಲೂ ಕೊನೆಗೆ ಮುಚ್ಚಿತು. ಪಾಳಿಯ ಭೋಂಗಾ, ಎಂದರೆ ಸೈರನ್ನು, ನಿಂತ ಮೇಲೆ ನಮ್ಮ ರಸ್ತೆಯಲ್ಲಿ ಬೆಲ್ಲಿನ ಸದ್ದೂ ನಿಂತಿತು.

ಆಮೇಲೆ ಬಂದ ರಸ್ತೆಗಳಲ್ಲಿ ಸೈಕಲ್ಲಿಗೆ ಜಾಗವನ್ನೇ ಇಡಲಿಲ್ಲ. 2009ರ ಜೂನ್ 30ರಂದು ಬಾಂದ್ರಾ-ವರ್ಲಿ ಸೀ ಲಿಂಕ್ ತೆರೆಯಿತು, ಸೈಕಲ್ಲಿಗೆ ಪ್ರವೇಶವಿಲ್ಲ. 2024ರ ಜನವರಿಯಲ್ಲಿ ಶಿವಡಿಯಿಂದ ನಾವಾಶೇವಾಕ್ಕೆ ಅಟಲ್ ಸೇತು ತೆರೆಯಿತು, ಅಲ್ಲೂ ಇಲ್ಲ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ಸೈಕಲ್ ಪಥವೊಂದನ್ನು ಮಾಡಿದರು, ಅದರ ಮೇಲೆ ಕಾರುಗಳು ನಿಂತವು. ಪವಾಯಿ ಕೆರೆಯ ದಂಡೆಯಲ್ಲಿ ಕಟ್ಟತೊಡಗಿದ ಪಥವನ್ನು 2022ರ ಮೇ ತಿಂಗಳಲ್ಲಿ ಹೈಕೋರ್ಟು ಅಕ್ರಮವೆಂದು ತೆಗೆಯಲು ಹೇಳಿತು. ಕೋರ್ಟು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ, ಮೊಸಳೆಗಳಿರುವ ಕೆರೆಯನ್ನು ತುಂಬಿ ಸೈಕಲ್ ಬಿಡಬೇಕಾಗಿಲ್ಲ. ಇರುವ ರಸ್ತೆಯಲ್ಲೇ ಎರಡು ಮೊಳ ಅಗಲ ಬಿಟ್ಟುಕೊಟ್ಟಿದ್ದರೆ ಸಾಕಿತ್ತು.

2005ರ ಜುಲೈ 26ರ ಮಳೆ ಮುಂಬಯಿಯಲ್ಲಿದ್ದ ಯಾರಿಗೂ ಮರೆಯುವಂಥದ್ದಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್. ಮೀಠಿ ನದಿ ಉಕ್ಕಿ ಕುರ್ಲಾ, ಸಯನ್ ಎಲ್ಲ ಮುಳುಗಿದವು. ಚಾಚಾನ ಪೆಟ್ಟಿಗೆ, ಪಂಪು, ಘಮೇಲಾ ಎಲ್ಲವೂ ತೇಲಿಹೋದವು. ನೀರಿಳಿದ ಮೇಲೆ ಮಾವ ಮನೆಯ ಹಿತ್ತಾಳೆ ಪರಾತವನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೋಗಿ ಕೊಟ್ಟು ಬಂದರು. ಊರಿನಿಂದ ಅಜ್ಜಿ ಕೊಟ್ಟು ಕಳಿಸಿದ್ದ ಪರಾತ. ಅತ್ತೆ ಕೇಳಿದ್ದಕ್ಕೆ, ನಮಗೆ ಸ್ಟೀಲಿನದು ಇದೆಯಲ್ಲ ಎಂದರು. ಆ ವಾರ ಊರಿನ ಬೈಕು, ಕಾರುಗಳೆಲ್ಲ ನೀರು ಕುಡಿದು ನಿಂತಿದ್ದವು, ಸೈಕಲ್ಲುಗಳು ಓಡುತ್ತಿದ್ದವು. ಚಾಚಾನಿಗೆ ಎಷ್ಟೋ ವರ್ಷಗಳ ಮೇಲೆ ಕೈತುಂಬ ಕೆಲಸ. ಹಿತ್ತಾಳೆ ಪರಾತದಲ್ಲಿ ಟ್ಯೂಬು ಮುಳುಗಿಸಿ ಕೂತ ಅವರನ್ನು ಅರಳಿ ಮರದ ಕೆಳಗೆ ನಾನು ನೋಡಿದೆ, ಮಾವ ಪಕ್ಕದಲ್ಲಿ ನಿಂತು ಬಂದವರಿಗೆ ಗಾಳಿ ಹೊಡೆದು ಕೊಡುತ್ತಿದ್ದರು. ಅವರಿಬ್ಬರೂ ಒಟ್ಟಿಗೆ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಬೇರೆ ಎಂದೂ ಕಂಡದ್ದಿಲ್ಲ.

ಮಾವ ತೀರಿಕೊಂಡು ಬಹಳ ವರ್ಷವಾಯಿತು. ಕೊನೆಗಾಲದಲ್ಲಿ ಮೊಣಕಾಲು ಸಾಗದಿದ್ದರೂ ಸೈಕಲ್ಲನ್ನು ಒರೆಸಿ, ಚೈನಿಗೆ ಹೊಲಿಗೆ ಮಿಶಿನ್ನಿನ ಎಣ್ಣೆ ಬಿಟ್ಟು, ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿಯೇ ಮಲಗುತ್ತಿದ್ದರು. ಅದಾಗಿ ಕೆಲವು ವರ್ಷಕ್ಕೆ ರಸ್ತೆ ಅಗಲವಾಯಿತು, ಅರಳಿ ಮರದ ಬುಡಕ್ಕೆ ಸಿಮೆಂಟು ಕಟ್ಟಿ ಪೇವರ್ ಬ್ಲಾಕ್ ಹಾಸಿದರು, ಚಾಚಾ ಕೂರುವ ಜಾಗ ಹೋಯಿತು. ಅವರಿಗೂ ವಯಸ್ಸಾಗಿತ್ತು. ಮಗ ಬಂದು ಜೌನಪುರಕ್ಕೆ ಕರೆದುಕೊಂಡು ಹೋದ. ಹೋಗುವ ಮುಂಚೆ ಅವರು ನನ್ನನ್ನು ಹುಡುಕಿಕೊಂಡು ಬಂದು ತುರಿಮಣೆಯನ್ನು ಕೊಟ್ಟರು, ಆ ಡಾಲ್ಡಾ ಡಬ್ಬಿಯದನ್ನು. ಪರಾತ ಕೊಡುತ್ತೇನೆಂದರು, ನಾನೇ ಒಯ್ಯಿರಿ ಎಂದೆ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೆಂದು ಜಗತ್ತು ಆಚರಿಸುವ ದಿನವೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ ಸುದ್ದಿ ಓದಿದಾಗ ಇಬ್ಬರಿಗೂ ಹೇಳಬೇಕೆನ್ನಿಸಿತು. ಹೇಳಲು ಯಾರೂ ಇರಲಿಲ್ಲ.

ನಾನು ಈಗ ಗೇರಿನ ಸೈಕಲ್ಲು ತುಳಿಯುತ್ತೇನೆ. ಚಕ್ರ ಎರಡು ಸೆಕೆಂಡಿಗೆ ಕಳಚಿಕೊಳ್ಳುತ್ತದೆ, ಗಾಳಿಯ ಒತ್ತಡವನ್ನು ಮೀಟರು ತೋರಿಸುತ್ತದೆ, ಕೆಲವು ಪ್ಯಾಚಿಗೆ ಅಂಟೂ ಬೇಡ, ಕಾಗದ ಕಿತ್ತು ಒತ್ತಿದರಾಯಿತು. ಇವೆಲ್ಲ ಒಳ್ಳೆಯವೇ. ಹೆಲ್ಮೆಟ್ಟಂತೂ ಅಂದು ಮಾವನ ತಲೆಯ ಮೇಲೂ ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಚೀಲದ ಜಿಪ್ಪು ಎಳೆಯುವಾಗೆಲ್ಲ ಒಂದು ಸಂಕಟ. ಇದರಲ್ಲಿರುವ ಒಂದೊಂದು ಸಾಮಾನೂ ಯಾರೋ ಒಬ್ಬರು ಇಲ್ಲವಾದ ಮೇಲೆ ಇದರೊಳಗೆ ಬಂದದ್ದು. ಪಂಚರಾದಾಗ ನಿಂತು ಮಾತಾಡುವ ಬೀದಿ ಈಗ ಇಲ್ಲ. ರಸ್ತೆಯ ಅಂಚಿನಲ್ಲಿ, ಬಸ್ಸಿನ ಗಾಳಿಗೆ ಮೈ ಒಡ್ಡಿಕೊಂಡು, ಒಬ್ಬಳೇ ಟ್ಯೂಬು ಬದಲಿಸಿ ಹೊರಡುತ್ತೇನೆ.

ಸೈಕಲ್ಲಿನಲ್ಲೇ ಬದುಕುವವರು ಊರಿನಲ್ಲಿ ಇನ್ನೂ ಇದ್ದಾರೆ ಎಂಬುದನ್ನು ಮಾತ್ರ ನಾವು ಭಾನುವಾರದ ಸವಾರರು ಮರೆಯಬಾರದು. ಡಬ್ಬಾವಾಲಾಗಳಿದ್ದಾರೆ. ಬೆಳಗಾದರೆ ಪಾವಿನ ಚೀಲ ಹೊತ್ತು ಬರುವವರು, ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದು ಚೂರಿಗೆ ಸಾಣೆ ಹಿಡಿಯುವವರು, ರಾತ್ರಿ ಮರೀನ್ ಡ್ರೈವಿನಲ್ಲಿ ಫ್ಲಾಸ್ಕ್ ಕಟ್ಟಿಕೊಂಡು ಚಹಾ ಮಾರುವವರು ಇದ್ದಾರೆ. ಧಾರಾವಿಯಿಂದ ಅಲ್ಯುಮಿನಿಯಂ ಪಾತ್ರೆಯಲ್ಲಿ ಇಡ್ಲಿ ತುಂಬಿ, ಪೋಂ ಪೋಂ ಹಾರ್ನು ಒತ್ತುತ್ತ ಸಯನ್, ಚೆಂಬೂರಿನ ಕಡೆ ಬರುವ ತಮಿಳು ಹುಡುಗರಿದ್ದಾರೆ. ಅವರ ಸೀಟಿನ ಕೆಳಗೆ ಚೀಲವಿಲ್ಲ. ಮಾವನ ಹಾಗೆ ಅವರೂ ಬೀದಿಯನ್ನೇ ನಂಬಿದವರು.

ಹೋದ ಮಳೆಗಾಲದಲ್ಲಿ ಅಂಥ ಒಬ್ಬ ಸಯನ್ ಬಳಿ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ. ಹಿಂದಿನ ಚಕ್ರ ಪೂರ್ತಿ ಕೂತಿತ್ತು, ಪಾತ್ರೆಯ ಭಾರಕ್ಕೆ ರಿಮ್ಮು ನೆಲ ಮುಟ್ಟುತ್ತಿತ್ತು. ನಾನು ನಿಲ್ಲಿಸಿದೆ. ಪಾತ್ರೆ ಇಳಿಸಿ, ಅವನ ಸೈಕಲ್ಲನ್ನು ಮಗ್ಗುಲಿಗೆ ಮಲಗಿಸಿ, ಚಕ್ರ ಬಿಚ್ಚದೆಯೇ ಟೈರು ಎಬ್ಬಿಸಿದೆ. ಘಮೇಲಾ ಇರಲಿಲ್ಲ, ರಸ್ತೆಯ ಗುಂಡಿಯಲ್ಲಿ ನಿಂತ ಮಳೆನೀರಿತ್ತು. ಎರಡು ತೂತು ಸಿಕ್ಕವು. ಸೊಲೂಷನ್ ಹಚ್ಚಿ, ಆರುವ ತನಕ ಕಾದು ಪ್ಯಾಚು ಒತ್ತಿ, ಟೈರಿನೊಳಗೆ ಬೆರಳು ಆಡಿಸಿದೆ. ಗಾಜೂ ಇಲ್ಲ, ಮೊಳೆಯೂ ಇಲ್ಲ, ಗುಂಡಿಯ ಏಟು ಅದು. ನನ್ನ ಪಂಪಿನ ಸಣ್ಣ ಬಾಯಿ ಅವನ ಡನ್‌ಲಪ್ ವಾಲಿಗೆ ಹಿಡಿಯಿತು. ಅವನು ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿ, ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದದ್ದಕ್ಕೆ ನಾಲ್ಕು ಇಡ್ಲಿ ಕಟ್ಟಿಕೊಟ್ಟು, “ಅಕ್ಕಾ, ನಿಮ್ಮ ಅಂಗಡಿ ಎಲ್ಲಿ?” ಎಂದು ಹಿಂದಿಯಲ್ಲಿ ಕೇಳಿದ.

ಅಂಗಡಿ ಇಲ್ಲ, ಮುಂದೆ ಅರಳಿ ಮರದ ಕೆಳಗೆ ಒಬ್ಬರಿದ್ದರು, ಅವರ ಹತ್ತಿರ ಕಲಿತೆ ಎಂದೆ.

“ಚಾಚಾ ಅಲ್ಲವೇ, ನಮ್ಮಪ್ಪ ಹೇಳುತ್ತಿದ್ದರು,” ಎಂದ. ಅವನ ಅಪ್ಪನೂ ಇದೇ ದಾರಿಯಲ್ಲಿ ಇಡ್ಲಿ ಮಾರಿದವರಂತೆ. “ಅವರು ಹೋದ ಮೇಲೆ ಈ ಕಡೆ ಯಾರೂ ಇಲ್ಲ. ಪಂಚರಾದರೆ ಧಾರಾವಿಯವರೆಗೆ ತಳ್ಳುತ್ತೇವೆ. ಅಷ್ಟರಲ್ಲಿ ಇಡ್ಲಿ ಆರಿಹೋಗುತ್ತದೆ, ಆ ದಿನದ ವ್ಯಾಪಾರ ಹೋದ ಹಾಗೆಯೇ.” ಪಾತ್ರೆ ಕಟ್ಟಿ, ಹಾರ್ನು ಒತ್ತುತ್ತ ಚೂನಾಭಟ್ಟಿಯ ಕಡೆ ಹೊರಟ. ಅವತ್ತಿನ ಇಡ್ಲಿ ಇನ್ನೂ ಬಿಸಿಯಾಗಿತ್ತು.